ಬಲಭುಜದ ಮಡಿಕೆ

ಟೀವಿಯೊಳಗಿನ ಸೊಸೆ ಇನ್ನೇನು ಬೆನ್ನು ತಿರುಗಿಸಬೇಕು, ಅಷ್ಟರಲ್ಲಿ ಚಿತ್ರ ನಿಂತುಹೋಯಿತು. ಅವಳ ಮೂಗಿನ ನೇರಕ್ಕೆ ಒಂದು ಬಿಳಿ ಚಕ್ರ ಹುಟ್ಟಿಕೊಂಡು ಸುತ್ತತೊಡಗಿತು. ಭಾಗ್ಯ ರಿಮೋಟನ್ನು ಅಂಗೈಗೆ ಬಡಿದಳು, ಬ್ಯಾಟರಿ ಬಿಚ್ಚಿ ತಿರುಗಿಸಿ ಹಾಕಿದಳು, ಕೊನೆಗೆ ಎದ್ದು ಹೋಗಿ ಟೀವಿಯ ಹಿಂದೆ ಸಿಕ್ಕಿಸಿದ್ದ ಸ್ಟ್ರೀಮಿಂಗ್ ಕಡ್ಡಿಯನ್ನೇ ಮುಟ್ಟಿ ನೋಡಿದಳು. ಕಾದ ಹೆಂಚಿನ ಹಾಗೆ ಸುಡುತ್ತಿತ್ತು.

"ಈಗ ಬರುತ್ತೆ, ಒಂದೇ ನಿಮಿಷ," ಎಂದಳು, ಬಂದವರ ಮುಖ ನೋಡದೆ.

"ನಿಮ್ ಟೀವಿಗೆ ಹೊಟ್ಟೆ ಕಟ್ಕೊಂಡೈತೇನಮ್ಮಾ? ಅವಾಗ್ನಿಂದ ತಿಣುಕ್ತಾನೇ ಐತೆ," ಎಂದರು ದಿವಾನದ ಮೇಲೆ ಕೂತಿದ್ದ ಸುಬ್ಬಮ್ಮ. ಪಕ್ಕದಲ್ಲಿದ್ದ, ಮದುವೆ ಗೊತ್ತಾಗಿದ್ದ ನಂದಿತಾ, "ಅತ್ತೆ, ಸುಮ್ನಿರಿ," ಎಂದು ತನ್ನ ಸೋದರತ್ತೆಯ ತೊಡೆ ಚಿವುಟಿದಳು. ಅವಳಿಗೂ ನಗು ಬಂದಿತ್ತು.

ಚಾಮರಾಜಪೇಟೆಯ ಆ ಓಣಿಯಲ್ಲಿ ಭಾಗ್ಯಳ ಮುಂಕೋಣೆಗೆ ಬ್ಲೌಸು ಹೊಲಿಸಲು ಬರುವ ಹೆಂಗಸರು ಡಿಸೈನ್ ಪುಸ್ತಕ ಕೇಳುವವರಲ್ಲ. "ಏಳೂವರೆ ಸೀರಿಯಲ್‌ನಲ್ಲಿ ಸೊಸೆ ನೆನ್ನೆ ಹಾಕಿದ್ಲಲ್ಲ, ಅದು," ಎನ್ನುತ್ತಾರೆ, ಅಷ್ಟೇ. ಭಾಗ್ಯ ಆ ಕಂತನ್ನು ಹುಡುಕಿ, ಓಡಿಸಿ, ಸೊಸೆ ಬೆನ್ನು ತಿರುಗಿಸಿದ ಗಳಿಗೆಗೆ ಸರಿಯಾಗಿ ನಿಲ್ಲಿಸಿ, ಟೀವಿಯ ಮುಂದೆ ಮಂಡಿಯೂರಿ ಕೂತು ಕತ್ತಿನ ಗೆರೆಯನ್ನು ಬರೆದುಕೊಳ್ಳುತ್ತಾಳೆ. ಫೋನಿನಲ್ಲಾದರೆ ಬೆನ್ನು ಹೆಬ್ಬೆರಳಿನ ಉಗುರಿನಷ್ಟು ಕಾಣುತ್ತದೆ, ಟೀವಿಯಲ್ಲಾದರೆ ನಿಜವಾದ ಬೆನ್ನಿನಷ್ಟೇ. ಇಡೀ ವ್ಯಾಪಾರ ನಿಂತಿದ್ದದ್ದು ಆ ಒಂದು ಗಳಿಗೆಯ ಮೇಲೆ. ಕಡ್ಡಿ ಈಗೀಗ ಆ ಗಳಿಗೆಯನ್ನೇ ನುಂಗುತ್ತಿತ್ತು.

ಚಕ್ರ ಮಾಯವಾಯಿತು. ಚಿತ್ರ ಜಿಗಿಯಿತು, ಸೊಸೆ ಆಗಲೇ ಅಡುಗೆಮನೆ ಸೇರಿದ್ದಳು. ಭಾಗ್ಯ ಹಿಂದಕ್ಕೆ ಓಡಿಸಿ ಮತ್ತೆ ನಿಲ್ಲಿಸಿದಳು. ನಿಲ್ಲಿಸಿದ್ದೇ ತಡ, ಕೆಳಗಿನಿಂದ ಒಂದು ಕಪ್ಪು ಪಟ್ಟಿ ಎದ್ದು ಬೆನ್ನಿನ ಅರ್ಧ ಮುಚ್ಚಿತು, ಮೂಲೆಯಲ್ಲಿ ಸೋಪಿನ ಜಾಹೀರಾತು ಬಂದು ಕೂತಿತು. ಉಳಿದ ಅರ್ಧ ಬೆನ್ನು ಕಲಸಿದ ಬಣ್ಣದ ಹಾಗಿತ್ತು.

"ಕತ್ತು ಹಿಂಗೆ ಬರುತ್ತೆ ನೋಡಿ... ಇಲ್ಲಿ ಏನೋ ಸಣ್ಣದಾಗಿ..." ಎಂದು ಭಾಗ್ಯ ಬೆರಳಿನಲ್ಲಿ ತೋರಿಸಿದಳು.

ನಂದಿತಾ ಮುಂದಕ್ಕೆ ಬಾಗಿ ಕಣ್ಣು ಕಿರಿದು ಮಾಡಿದಳು. "ಬೇಜಾರ್ ಮಾಡ್ಕೋಬೇಡಿ ಅಕ್ಕ. ಸಂಪಿಗೆ ರಸ್ತೇಲಿ ಹೊಸ ಬೊಟೀಕ್ ಬಂದಿದೆಯಲ್ಲ, ಅವ್ರು ಒಂದೊಂದು ದಾರಾನೂ ಜೂಮ್ ಮಾಡಿ ತೋರಿಸ್ತಾರೆ. ಆದ್ರೂ ನಿಮ್ಮ ಹತ್ರಾನೇ ಹೋಗು ಅಂತ ಶಶಿ ಅಕ್ಕ ಹೇಳಿದ್ಲು."

ಶಶಿ ಅವಳ ದೊಡ್ಡಪ್ಪನ ಮಗಳು. ಅವರದು ಮರದ ಡಿಪೋ ಇಟ್ಟುಕೊಂಡಿರುವ ದೊಡ್ಡ ಕುಟುಂಬ, ಹೆಂಗಸರೇ ಒಂದು ಬಸ್ಸಿನಷ್ಟಿದ್ದರು. ಆ ಮನೆಯ ಧಾರೆ ಬ್ಲೌಸು ಯಾರ ಕೈಗೆ ಬರುತ್ತದೋ ಆಮೇಲೆ ಆ ಮನೆಯ ಬೀರುಗಳೆಲ್ಲ ಅವರ ಕೈಗೇ ಬಂದ ಹಾಗೆ. ಇದು ಭಾಗ್ಯಳಿಗೂ ಗೊತ್ತು, ಸುಬ್ಬಮ್ಮನವರಿಗೂ ಗೊತ್ತು.

"ಭಾನುವಾರ ಬನ್ನಿ," ಎಂದಳು ಭಾಗ್ಯ. "ದಾರ ಅಲ್ಲ, ದಾರದ ನೂಲೂ ಕಾಣುತ್ತೆ."

ಹೇಳಿಯಾದ ಮೇಲೆ, ಅದನ್ನು ಹೇಗೆ ಕಾಣಿಸುವುದೆಂದು ಸುಡುವ ಕಡ್ಡಿಯತ್ತ ತಿರುಗಿ ನೋಡಿದಳು.

ತಮ್ಮ ಅಮರ್ ಮೆಟ್ರೊ ಸ್ಟೇಷನ್ನಿನ ಕೌಂಟರಿನಿಂದ ಮನೆಗೆ ಬಂದವನು ವಿಷಯ ಕೇಳಿ ಚಪ್ಪಲಿ ಬಿಡುವುದನ್ನೂ ಮರೆತ. ಅವನು ಕಾಯುತ್ತಿದ್ದದ್ದೇ ಈ ದಿನಕ್ಕೆ. ಊಟದ ಜೊತೆಗೆ ಉಪ್ಪಿನಕಾಯಿ ಬೇಕಾದ ಹಾಗೆ ಅವನಿಗೆ ಗ್ಯಾಜೆಟ್ಟುಗಳ ರಿವ್ಯೂ ಬೇಕು.

"ಅಕ್ಕ, ಪ್ರಾಬ್ಲಮ್ ಟೀವಿದಲ್ಲ, ನೆಟ್ದೂ ಅಲ್ಲ. ಕಡ್ಡೀದು! ಅದ್ರೊಳಗೆ ಏನೈತೆ ಹೇಳು? ಮೆಮೊರಿ ಇಲ್ಲ, ಪ್ರೊಸೆಸರ್ ಮುದುಕ, ಆ ಮುದುಕನ ತಲೆ ಮೇಲೆ ಜಾಹೀರಾತಿನ ಮೂಟೆ ಬೇರೆ. ಕಡ್ಡಿ ಬಿಟ್ಟು ಸ್ಟ್ರೀಮಿಂಗ್ ಡಬ್ಬಿ ತಗೋ. ಒತ್ತಿದ ತಕ್ಷಣ ಬರುತ್ತೆ, ನಿಲ್ಸಿದ್ರೆ ನಿಲ್ಲುತ್ತೆ. ಮೇಲೊಂದು ಪಟ್ಟಿ ಕೆಳಗೊಂದು ಪಟ್ಟಿ ಏನೂ ಇಲ್ಲ. ಒಂದೊಂದೇ ಫ್ರೇಮು ಹಿಂದಕ್ಕೂ ಮುಂದಕ್ಕೂ ಹೋಗ್ಬಹುದು. ಕಡ್ಡಿಗೆ ಆ ಆ್ಯಪ್‌ನವ್ರು ಒಳ್ಳೆ ಪಿಕ್ಚರ್ರೇ ಕೊಡಲ್ಲ ಗೊತ್ತಾ? ನಮ್ ಟೀವಿಗೆ ಎಷ್ಟು ಶಕ್ತಿ ಐತೆ ಅಂತ ನಾವಿನ್ನೂ ನೋಡೇ ಇಲ್ಲ!"

"ಬೆಲೆ ಹೇಳು," ಎಂದಳು ಭಾಗ್ಯ.

"ಬೆಲೆ... ನೋಡು, ಹಂಗೆ ನೋಡ್ಬಾರ್ದು. ಕಡ್ಡಿ ಎರಡು ವರ್ಷಕ್ಕೆ ಸಾಯುತ್ತೆ. ಡಬ್ಬಿಗೆ ಆರೇಳು ವರ್ಷ ಅಪ್ಡೇಟು ಬರ್ತಾನೇ ಇರುತ್ತೆ—"

"ಅಮರ."

"ಅದೊಂದ್ರ ದುಡ್ಡಲ್ಲಿ ಕಡ್ಡಿ ನಾಲ್ಕು ಬರುತ್ತೆ," ಎಂದು ಒಪ್ಪಿಕೊಂಡ.

ಬಾಗಿಲ ಬೆಳಕಿಗೆ ಕೂತು ಯಾರದೋ ಸೀರೆಯ ಸೆರಗಿಗೆ ಕುಚ್ಚು ಕಟ್ಟುತ್ತಿದ್ದ ಅವರಮ್ಮ ಗಂಗರತ್ನಮ್ಮ ತಲೆ ಎತ್ತದೆ ಕೇಳಿದರು. "ಅಷ್ಟು ಕೊಟ್ರೆ ಆ ಸೀರಿಯಲ್ ಅತ್ತೆಗೇನು ಒಳ್ಳೆ ಬುದ್ಧಿ ಬರ್ತದಾ?"

"ಇಲ್ಲಮ್ಮ. ಅವಳ ಕೆಟ್ಟ ಬುದ್ಧಿ ಇನ್ನೂ ಕ್ಲಿಯರಾಗಿ ಕಾಣುತ್ತೆ."

ಭಾಗ್ಯ ನಗಲಿಲ್ಲ. ಅವಳು ಒಂದು ಓವರ್‌ಲಾಕ್ ಮಷೀನಿಗೆಂದು ದುಡ್ಡು ಎತ್ತಿಟ್ಟಿದ್ದಳು. ಮಷೀನು ಬಂದರೆ ಬಟ್ಟೆಯ ಒಳಗಿನ ಅಂಚು ಚೆನ್ನಾಗಿ ಬರುತ್ತಿತ್ತು. ಆದರೆ ಒಳಗಿನ ಅಂಚನ್ನು ಯಾರು ನೋಡುತ್ತಾರೆ? ಬೆನ್ನನ್ನು ಇಡೀ ಛತ್ರ ನೋಡುತ್ತದೆ. ಧಾರೆಯ ಹೊತ್ತಿಗೆ ಹಿಂದೆ ಸಾಲಾಗಿ ಕೂತ ಹೆಂಗಸರಿಗೆ ಮದುಮಗಳ ಮುಖ ಕಾಣುವುದಿಲ್ಲ, ಕಾಣುವುದೇ ಬೆನ್ನು. "ತಂದ್ಬಿಡು," ಎಂದಳು.

ಡಬ್ಬಿ ಬಂತು. ಅಂಗೈಯಗಲದ, ಕರಿ ಹೋಳಿಗೆಯಂಥ ವಸ್ತು. ಅಮರ್ ಅದಕ್ಕೆ ಟೀವಿ ಮೇಜಿನ ಮೇಲೆ ಜಾಗ ಮಾಡಲು ಬುದ್ಧನ ಪುಟ್ಟ ವಿಗ್ರಹವನ್ನು ಮೆಲ್ಲನೆ ಪಕ್ಕಕ್ಕೆ ಸರಿಸಿದ, ವೈರನ್ನು ಕಿಟಕಿಯಂಚಿನಲ್ಲಿ ಎಳೆದು ಕ್ಲಿಪ್ಪು ಹೊಡೆದ, ಅಮ್ಮನ ಕೈಗೆ ರಿಮೋಟು ಕೊಟ್ಟು "ಮಾತಾಡಮ್ಮ" ಎಂದ.

"ಯಾರ ಜೊತೆಗೋ?"

"ಅದ್ರ ಜೊತೆಗೇ. ಏನ್ ಬೇಕೋ ಕೇಳು."

ಗಂಗರತ್ನಮ್ಮ ರಿಮೋಟನ್ನು ಬಾಯಿಗೆ ಐಸ್ ಕ್ಯಾಂಡಿಯಂತೆ ಹಿಡಿದು ತಮ್ಮ ಧಾರಾವಾಹಿಯ ಹೆಸರು ಹೇಳಿ, "ಹಾಕಪ್ಪ" ಎಂದು ಸೇರಿಸಿದರು. ಹೇಳಿ ಮುಗಿಸುವಷ್ಟರಲ್ಲಿ ಪರದೆಯ ತುಂಬ ಧಾರಾವಾಹಿ ನಿಂತಿತ್ತು. ಅವರು ಬಾಯಿ ತೆರೆದು ಮಗನನ್ನು ನೋಡಿದರು. "ಹೇಳಿದ ಮಾತು ಕೇಳೋ ಮಗ ಒಬ್ಬ ಕೊನೆಗೂ ಈ ಮನೆಗೆ ಬಂದ ನೋಡು."

ಭಾಗ್ಯ ಸೊಸೆಯ ಆರತಕ್ಷತೆಯ ಕಂತು ಹಾಕಿ, ಅವಳು ತಿರುಗಿದೊಡನೆ ನಿಲ್ಲಿಸಿದಳು. ಪಟ್ಟಿ ಬರಲಿಲ್ಲ, ಸೋಪು ಬರಲಿಲ್ಲ. ಅಬ್ಬ, ಎಂಥ ಚಿತ್ರ! ಸೆರಗಿನ ಜರಿ ಎಳೆಎಳೆಯಾಗಿ ನಿಂತಿತ್ತು. ಸೊಸೆಯ ಕತ್ತಿಗೆ ಹಚ್ಚಿದ ಪೌಡರು ಎಲ್ಲಿಗೆ ಮುಗಿದಿದೆ, ಉಗುರಿನ ಬಣ್ಣ ಎಲ್ಲಿ ಕಿತ್ತಿದೆ, ಬ್ಲೌಸಿನ ಕತ್ತುಪಟ್ಟಿಯ ಹೊಲಿಗೆ ಎಲ್ಲಿ ಒಂದಿಷ್ಟು ಸೊಟ್ಟಗಾಗಿದೆ, ಎಲ್ಲ ಕಂಡಿತು. ಹೊಸ ಕನ್ನಡಕ ಹಾಕಿಕೊಂಡು ಮೊದಲ ಸಲ ಮರದ ಎಲೆ ನೋಡಿದವಳ ಹಾಗೆ ಭಾಗ್ಯ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಇಷ್ಟು ವರ್ಷ ನಾನು ಕುರುಡಿಯಾಗಿ ಹೊಲಿದೆನೇ ಅನ್ನಿಸಿತು.

ಭಾನುವಾರ ನಂದಿತಾ ಧಾರೆ ಸೀರೆಯನ್ನೇ ತಂದಿದ್ದಳು. ಸುಬ್ಬಮ್ಮ ದೊಡ್ಡಬಳ್ಳಾಪುರದ ಪರಿಚಯದ ಮಗ್ಗದಲ್ಲಿ ಹೇಳಿ ನೇಯಿಸಿದ್ದು, ಮಾಗಿದ ಗೇರುಹಣ್ಣಿನ ಬಣ್ಣ. ಬ್ಲೌಸ್ ಪೀಸು ಸೀರೆಯ ತುದಿಯಲ್ಲೇ ಸೇರಿಸಿ ನೇಯ್ದಿದ್ದರು.

"ಹುಷಾರು ಕಣಮ್ಮ. ಇದೊಂದೇ ತುಂಡು ಇರೋದು. ಆ ಬಣ್ಣ ಮತ್ತೆ ಬೀಳಲ್ಲ ಅಂತ ಅಂದವ್ನೆ ನೇಯೋನು," ಎಂದರು ಸುಬ್ಬಮ್ಮ. ಟೀವಿಯಲ್ಲಿ ನಿಂತ ಚಿತ್ರ ನೋಡಿದ ಮೇಲೆ ಮಾತ್ರ ಅವರ ಮುಖ ಸಡಿಲವಾಯಿತು. "ಆ ಹುಡ್ಗಿ ಬೆನ್ನಲ್ಲಿ ಮಚ್ಚೆ ಐತೆ ನೋಡೇ ನಂದಿತಾ!"

ನಂದಿತಾ ನೋಡುತ್ತಿದ್ದದ್ದು ಮಚ್ಚೆಯನ್ನಲ್ಲ. ಸೊಸೆಯ ಎಡಭುಜವನ್ನು ಸೆರಗು ಮುಚ್ಚಿತ್ತು. ಬಲಭುಜದ ಮೇಲೆ, ಕತ್ತುಪಟ್ಟಿಯಿಂದ ಕಂಕುಳ ಕಡೆಗೆ, ಬಟ್ಟೆಗೆ ಓರೆಯಾಗಿ ಒಂದು ಮಡಿಕೆ ಬಿದ್ದಿತ್ತು. ಮಡಿಕೆಯ ತುದಿಯಲ್ಲಿ ಒಂದು ಬೆಳ್ಳಿ ಚುಕ್ಕೆ ಮಿನುಗುತ್ತಿತ್ತು.

"ಅಕ್ಕ, ಇದು! ಒಂದೇ ಕಡೆ ಮಡಿಕೆ, ತುದೀಲೊಂದು ಮಣಿ. ಎಷ್ಟು ಡಿಫರೆಂಟಾಗಿದೆ! ಇದು ಬೊಟೀಕ್‌ನವ್ರ ಕಣ್ಣಿಗೂ ಬಿದ್ದಿರಲ್ಲ."

ಭಾಗ್ಯ ಬರೆದುಕೊಂಡಳು. ಬರೆಯುವಾಗ ಪೆನ್ಸಿಲ್ಲು ಒಮ್ಮೆ ತಡೆಯಿತು. ಅಲ್ಲಿ ಮಡಿಕೆ ಹಾಕಿದರೆ ತೋಳಿನ ಸುತ್ತಳತೆ ಬಿಗಿದು ಕಚ್ಚುವುದಿಲ್ಲವೇ? ಆದರೆ ಕಣ್ಣೆದುರಿಗೇ ಇತ್ತಲ್ಲ, ಗಾಜಿನಷ್ಟು ತಿಳಿಯಾಗಿ. ಕಾಣದ್ದನ್ನು ಅನುಮಾನಿಸಬಹುದು, ಇಷ್ಟು ಚೆನ್ನಾಗಿ ಕಂಡದ್ದನ್ನು ಹೇಗೆ ಅನುಮಾನಿಸುವುದು? ಆ ವಾರ ಅವಳು ಮಡಿಕೆಯನ್ನು ಚಿತ್ರದಲ್ಲಿದ್ದ ಹಾಗೇ ಕೂರಿಸಿದಳು. ಮುಂದೆ ಸಡಿಲಿಸಲು ಬೇಕಾದೀತೆಂದು ಹೊಲಿಗೆಯ ಒಳಗೆ ಯಾವಾಗಲೂ ಬಿಡುತ್ತಿದ್ದ ಹೆಚ್ಚಿನ ಬಟ್ಟೆಯನ್ನು, ಮಡಿಕೆ ದಪ್ಪಗಾಗುತ್ತದೆಂದು ಅಲ್ಲಿ ಕತ್ತರಿಸಿ ತೆಗೆದಳು. ತುದಿಗೆ ಒಂದು ಬೆಳ್ಳಿ ಮಣಿ ಹೊಲಿದಳು.

ಮದುಮಗಳ ಬ್ಲೌಸಿನ ಟ್ರಯಲ್ಲಿಗೆ ಭಾಗ್ಯಳ ಮನೆಯಲ್ಲಿ ಒಂದು ಪದ್ಧತಿ ಇತ್ತು. ಗಂಗರತ್ನಮ್ಮ ಶುರು ಮಾಡಿದ್ದು. ಹಾರ ಹಾಕುವ ಹೊತ್ತಿಗೆ ಗಂಡಿನ ಗೆಳೆಯರು ಅವನನ್ನು ಎತ್ತಿ ಹಿಡಿದು ಹೆಣ್ಣನ್ನು ಸತಾಯಿಸುತ್ತಾರೆ, ಅವಳು ಎಗರಿ ಎಗರಿ ಹಾಕಬೇಕು. ಆಗ ಹೊಲಿಗೆ ಬಿಟ್ಟರೆ ಮರ್ಯಾದೆ ಇಬ್ಬರದೂ ಹೋಗುತ್ತದೆ, ಹಾಕಿಕೊಂಡವಳದು, ಹೊಲಿದವಳದು. ಅದಕ್ಕೆ ಅಳತೆಯ ಟೇಪನ್ನು ಹಾರದಂತೆ ಗಂಟು ಹಾಕಿ ಕೈಗೆ ಕೊಡುತ್ತಿದ್ದರು. ಮದುಮಗಳು ಅದನ್ನು ಬಾಗಿಲ ಪರದೆಯ ಕಂಬಿಯ ಕೊಕ್ಕೆಗೆ ಹಾಕಬೇಕು.

ನಂದಿತಾ ಹೊಸ ಬ್ಲೌಸು ತೊಟ್ಟು, ನಾಚಿ, ಟೇಪಿನ ಹಾರ ಹಿಡಿದು ನಿಂತಳು.

"ಅಷ್ಟು ಮೇಲಕ್ಕೆ ಎತ್ತಲ್ಲ ಬಿಡಿ ಅಕ್ಕ, ಅವ್ನ ಫ್ರೆಂಡ್ಸೆಲ್ಲ ಸಣಕಲು."

"ಎಗರೇ, ಎಗರು," ಎಂದರು ಸುಬ್ಬಮ್ಮ. "ನಿನ್ ಗಂಡ ಅಂದ್ಕೋ ಆ ಕಂಬೀನ. ಅವ್ನೂ ಹಂಗೇ ಅವ್ನೆ, ಉದ್ದಕ್ಕೆ."

ನಂದಿತಾ ನಗುತ್ತ ಎರಡೂ ಕೈ ಮೇಲೆತ್ತಿ ಎಗರಿದಳು. ಪರ್ರೆಂದು ಸದ್ದಾಯಿತು.

ನಗು ಅಲ್ಲಿಗೇ ನಿಂತಿತು. ಭಾಗ್ಯ ಬೆನ್ನ ಹಿಂದೆ ಬಂದು ನೋಡಿದಳು. ಬಿಟ್ಟದ್ದು ಹೊಲಿಗೆಯಲ್ಲ, ಬಟ್ಟೆ. ಮಣಿಯ ಹತ್ತಿರದಿಂದ ಬೆರಳುದ್ದಕ್ಕೆ ರೇಷ್ಮೆ ಸೀಳಿತ್ತು, ಒಳಗಿನ ಬಿಳಿ ಅಸ್ತರು ಕಾಣುತ್ತಿತ್ತು.

"ಏನಾಯ್ತು? ಏನಾಯ್ತು ಅಕ್ಕ?" ನಂದಿತಾ ಕತ್ತು ತಿರುಗಿಸಿ ತಿರುಗಿಸಿ ಕೇಳಿದಳು. ತನ್ನ ಬೆನ್ನು ಅವಳಿಗೆ ಕಾಣುವುದಾದರೂ ಹೇಗೆ?

"ಸೀರಿಯಲ್‌ನಲ್ಲಿ ಅವಳು ಕೈ ಎತ್ತಿ ಆರತೀನೇ ತಗೋತಾಳಲ್ಲ, ಅಲ್ಲಿ ಹೆಂಗೆ ಹರಿಯಲ್ಲ?" ಎಂದ ಅಮರ್. ಅವನು ಅಷ್ಟು ಹೊತ್ತು ಹೊರಗೆ ಕಟ್ಟೆಯ ಮೇಲಿದ್ದವನು, ಕರೆದ ಮೇಲೆ ಒಳಗೆ ಬಂದಿದ್ದ. ನಂದಿತಾ ಆಗಲೇ ಭುಜದ ಮೇಲೆ ದುಪಟ್ಟಾ ಎಳೆದುಕೊಂಡಿದ್ದಳು. ಅವನು ಆ ಕಂತು ಹಾಕಿ, ಒಂದೊಂದೇ ಫ್ರೇಮು ಮುಂದಕ್ಕೆ ತಳ್ಳಿದ. ಸೊಸೆಯ ಕೈ ತುಸುತುಸುವೇ ಮೇಲೇರಿತು. ಸೆರಗು ಜಾರಿತು. ಬೆಳ್ಳಿ ಚುಕ್ಕೆ ಹೊರಳಿ ಬೆಳಕಿಗೆ ಬಂತು.

"ಅಲ್ಲೇ ನಿಲ್ಸಿ," ಎಂದಳು ನಂದಿತಾ. ಟೀವಿಯ ಹತ್ತಿರ ಬಂದು ಬಗ್ಗಿ ನೋಡಿದಳು. ಆಮೇಲೆ ಅವಳೇ ಅಂದಳು, "ಅಕ್ಕ, ಅದು ಮಣಿ ಅಲ್ಲ. ಪಿನ್ನು."

ಸೇಫ್ಟಿ ಪಿನ್ನು. ಯಾರದೋ ಅಳತೆಗೆ ಹೊಲಿದ ಬ್ಲೌಸು ಆ ನಟಿಗೆ ಸಡಿಲವಾಗಿತ್ತು, ಶೂಟಿಂಗಿನ ಬಟ್ಟೆಯವರು ಹಿಂದಿನಿಂದ ಹಿಡಿದು ಪಿನ್ನು ಚುಚ್ಚಿದ್ದರು. ಕೈ ಎತ್ತಿದಾಗ ಪಿನ್ನು ಜಾರಿ ಮಡಿಕೆಯೇ ಮಾಯವಾಗಿತ್ತು. ಪರದೆಯ ಮೇಲೆ ಪಿನ್ನಿನ ಸುರುಳಿಯೂ ಲಕ್ಷಣವಾಗಿ ಕಾಣುತ್ತಿತ್ತು, ಡಬ್ಬಿ ಒಂದನ್ನೂ ಬಿಟ್ಟಿರಲಿಲ್ಲ.

ಸುಬ್ಬಮ್ಮ ಮೊದಲು ನಕ್ಕರು. "ಅಲ್ಲ ಕಣಮ್ಮ, ಅವ್ರು ಲೂಸಾಯ್ತು ಅಂತ ಪಿನ್ನು ಹಾಕವ್ರೆ, ನೀನು ಪಿನ್ನಿಗೂ ಸೇರ್ಸಿ ಡಿಸೈನ್ ಮಾಡಿದೀಯ!" ಆಮೇಲೆ ಅವರ ದನಿ ತಿರುಗಿತು. "ಧಾರೆ ಸೀರೆದು ಕಣೇ ಇದು. ಎಲ್ಲಿಂದ ತರೋಣ ಈಗ?"

ನಂದಿತಾ ಒಳಗೆ ಹೋಗಿ ಬಟ್ಟೆ ಬದಲಾಯಿಸಿ ಬಂದಳು. ಬ್ಲೌಸನ್ನು ಮಗುವಿನ ಅಂಗಿಯಂತೆ ಮಡಿಸಿ ಮಷೀನಿನ ಮೇಲಿಟ್ಟಳು. ಕಣ್ಣು ಕೆಂಪಗಿದ್ದವು, ದನಿ ಮಾತ್ರ ಮೆತ್ತಗಿತ್ತು. "ಭಾನುವಾರ ಬರ್ತೀನಿ ಅಕ್ಕ. ಏನೂ ಮಾಡೋಕಾಗಲ್ಲ ಅಂದ್ರೆ ಕೊಟ್ಬಿಡಿ, ಬೊಟೀಕ್‌ನಲ್ಲಿ ಕೇಳ್ತೀನಿ." ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಭಾಗ್ಯಳಿಗೆ.

ಮರುದಿನ ಅವಳು ಕತ್ತರಿಸಿ ಉಳಿದ ಚೂರೊಂದನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡು, ಅದೇ ಬಣ್ಣದ ಬಟ್ಟೆ ಹುಡುಕಿ ಮಾಮೂಲ್‌ಪೇಟೆಗೆ ಹೋದಳು. ಮಣಿ, ಲೇಸು, ದಾರಕ್ಕೆಂದು ಹೋಗಿ ಹೋಗಿ ಅಲ್ಲಿನ ಅಂಗಡಿಯವರೆಲ್ಲ ಗುರುತು. ಒಬ್ಬ ಚೂರನ್ನು ಹೊರಗಿನ ಬಿಸಿಲಿಗೆ ಹಿಡಿದು ನೋಡಿ, ಬಟ್ಟೆಯ ಥಾನಿನ ಮೇಲೆ ಥಾನು ಕೆಡವಿ, ಕೊನೆಗೆ ತಲೆಯಾಡಿಸಿದ. ಮತ್ತೊಬ್ಬ ಹತ್ತಿರದ ಬಣ್ಣ ಕೊಟ್ಟ. ಅಂಗಡಿಯೊಳಗೆ ಅದು ಅಕ್ಕತಂಗಿಯಂತಿತ್ತು, ರಸ್ತೆಗೆ ತಂದರೆ ಅತ್ತೆಸೊಸೆ. ಸಂದಿಯಲ್ಲಿ ತಳ್ಳುಗಾಡಿ, ಸ್ಕೂಟರು, ತಲೆಯ ಮೇಲೆ ಮೂಟೆ ಹೊತ್ತವರು, ಎಲ್ಲರೂ ಅವಳನ್ನು ಸರಿಯಮ್ಮ ಸರಿಯಮ್ಮ ಎಂದು ದಾಟಿಹೋದರು. ಅವಳು ಅಂಗೈಯ ಚೂರು ನೋಡುತ್ತ ನಿಂತಿದ್ದಳು.

ಮನೆಗೆ ಬಂದರೆ ಅಮರ್ ಡಬ್ಬಿಯ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿ ಧೂಳು ಒರೆಸುತ್ತಿದ್ದ.

"ವಾಪಸ್ ತಗೋತಾರೆ ಅಕ್ಕ, ಇನ್ನೂ ಟೈಮಿದೆ. ನಾನೇ ಬಾಯ್ ಬಡ್ಕೊಂಡೆ. ನಿನ್ ಮಷೀನ್ ದುಡ್ಡು ಅದು."

"ಅದೇನ್ ಮಾಡ್ತೋ ಪಾಪ? ಇದ್ದಿದ್ದನ್ನ ಇದ್ದಂಗೆ ತೋರಿಸ್ತು," ಎಂದಳು ಭಾಗ್ಯ. ಅಷ್ಟು ಹೇಳಿ, ಕಿಟಕಿಯ ಹತ್ತಿರ ಕೂತು ಮಡಿಕೆಯ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚತೊಡಗಿದಳು. ಮಡಿಕೆಯೊಳಗೆ ಸಿಕ್ಕಿದ್ದ ಬಟ್ಟೆ ಬಿಡಿಸಿಕೊಂಡು ಹರಡಿತು. ಅಗಲ ವಾಪಸ್ಸು ಬಂತು, ಅದೊಂದು ಸಮಾಧಾನ. ಸೀಳಿನ ಅಂಚುಗಳನ್ನು ಹತ್ತಿರ ತಂದು ಅಸ್ತರಿಗೆ ಸೇರಿಸಿ ಸಣ್ಣ ಹೊಲಿಗೆ ಹಾಕಿದಳು. ಸೀಳು ಕೂಡಿತು. ಗಾಯ ಕೂಡಿದ ಹಾಗೆ, ಗುರುತು ಉಳಿಸಿಕೊಂಡೇ.

ಭಾನುವಾರ ಬೆಳಿಗ್ಗೆ ನಂದಿತಾ, ಅವಳತ್ತೆ ಇಬ್ಬರೂ ಬಂದರು. ಸುಬ್ಬಮ್ಮ ದಿವಾನದ ಮೇಲೆ ಕೂರಲಿಲ್ಲ, ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕೂತರು, ಹೊರಡುವವರ ಹಾಗೆ. ನಂದಿತಾ ಬ್ಲೌಸನ್ನು ಬೆಳಕಿಗೆ ಹಿಡಿದು ಗುರುತಿನ ಮೇಲೆ ಬೆರಳಾಡಿಸಿದಳು.

"ಇದ್ರ ಮೇಲೆ ಏನಾದ್ರೂ ಹಾಕಿ ಮುಚ್ಚೋಕಾಗುತ್ತಾ ಅಕ್ಕ?" ಫೋನು ತೆಗೆದು ಒಂದು ಫೋಟೊ ತೋರಿಸಿದಳು. "ಶಶಿ ಅಕ್ಕನ ಎಂಗೇಜ್ಮೆಂಟ್ ದಿನ ತೆಗ್ದಿದ್ದು, ರಾತ್ರಿ ಸಿಕ್ತು. ಈ ಥರ ಎಲೆಗಳು ಬಂದ್ರೆ ಗುರುತು ಕಾಣಲ್ಲ ಅಲ್ವಾ? ಇದೂ ಆ ಸೀರಿಯಲ್ದೇ ಅಂತೆ. ಸೊಸೆ ಸೀಮಂತದ್ದು. ಆ ಕಂತು ಹಾಕಿ, ಸರಿಯಾಗಿ ನೋಡ್ಕೊಂಡು ಅದೇ ಥರ ಮಾಡಿಬಿಡಿ."

ಫೋಟೊದಲ್ಲಿ ಶಶಿ ಬೆನ್ನು ಮಾಡಿ ನಿಂತು ಹಿಂದಿರುಗಿ ನಗುತ್ತಿದ್ದಳು. ಅರ್ಧಚಂದ್ರದಂತೆ ಇಳಿದ ಕತ್ತಿನ ಒಂದು ಬದಿಯಿಂದ ಸಣ್ಣ ಸಣ್ಣ ಹಸಿರು ಎಲೆಗಳು ಹೊರಟು, ಬಳ್ಳಿಯಿಲ್ಲದೆ, ಗಾಳಿಗೆ ತೂರಿಕೊಂಡ ಹಾಗೆ ಭುಜದ ಕಡೆ ಹಾರಿದ್ದವು. ಭಾಗ್ಯಳಿಗೆ ಆ ಎಲೆಗಳು ನೆನಪಿದ್ದವು. ಒಂದೊಂದನ್ನೂ ಕೈಯಲ್ಲೇ ಹೊಲಿದಿದ್ದಳು.

ಡಬ್ಬಿ ಆ ಹಳೆಯ ಕಂತನ್ನು ಕ್ಷಣದಲ್ಲಿ ಹುಡುಕಿ ತಂದಿತು. ಭಾಗ್ಯ ಓಡಿಸಿದಳು. ಸೀಮಂತದ ತಟ್ಟೆಗಳು, ಬಳೆಗಳು, ಹಾಡು. ಸೊಸೆ ತಿರುಗಿದಳು. ಭಾಗ್ಯ ನಿಲ್ಲಿಸಿದಳು.

ಬೆನ್ನ ಮೇಲೆ ಎಲೆಗಳಿರಲಿಲ್ಲ. ಅರ್ಧಚಂದ್ರವೂ ಇರಲಿಲ್ಲ. ಸಾದಾ ಗುಂಡು ಕತ್ತು, ಅಂಚಿಗೆ ಅಂಗಡಿಯಲ್ಲಿ ಗಜದ ಲೆಕ್ಕದಲ್ಲಿ ಸಿಗುವ ಹಸಿರು ಲೇಸು.

"ಇದಲ್ಲ ಬಿಡಿ, ಬೇರೆ ಕಂತಿರ್ಬೇಕು," ಎಂದಳು ನಂದಿತಾ.

"ಇದೇ," ಎಂದಳು ಭಾಗ್ಯ. "ಸೀಮಂತ ಒಂದೇ ಸಲ ಆಗಿದ್ದು."

ನಂದಿತಾ ಫೋನು ನೋಡಿದಳು, ಟೀವಿ ನೋಡಿದಳು. ಸುಬ್ಬಮ್ಮ ಸ್ಟೂಲಿನಿಂದ ಎದ್ದು ಬಂದು ಅವಳ ಹೆಗಲ ಮೇಲಿಂದ ಬಗ್ಗಿ ತಾವೂ ಎರಡನ್ನೂ ನೋಡಿದರು. "ಹಂಗಾದ್ರೆ ಈ ಎಲೆ ಎಲ್ಲಿಂದ ಬಂದ್ವೇ?"

ಒಳಬಾಗಿಲಲ್ಲಿ ಕುಚ್ಚು ಕಟ್ಟುತ್ತಿದ್ದ ಗಂಗರತ್ನಮ್ಮನ ಕೈ ನಿಂತಿತು. ಭಾಗ್ಯ ರಿಮೋಟನ್ನು ಕೆಳಗಿಟ್ಟಳು. ಇಷ್ಟು ದಿನ ಸೀರಿಯಲ್ದು ಸೀರಿಯಲ್ದು ಎಂದು ಎಷ್ಟು ಜನಕ್ಕೆ ಕೊಟ್ಟಿದ್ದಳೋ, ಅದರಲ್ಲಿ ಎಷ್ಟು ಸೀರಿಯಲ್ದು? ಈ ಮಾತು ಇವರ ಮನೆಯ ಒಂದು ಬಸ್ಸು ಹೆಂಗಸರಿಗೆ ತಿಳಿಯಲು ಒಂದು ಹ್ಞೂಂ ಸಾಕು. ಸುಳ್ಳು ಹೇಳಲು ಬಾಯಿ ತೆರೆದಳು. ಎದುರಿಗೆ ಗುಂಡು ಕತ್ತು ಅಷ್ಟು ದೊಡ್ಡದಾಗಿ, ಅಷ್ಟು ತಿಳಿಯಾಗಿ ನಿಂತಿತ್ತು.

"ಕಡ್ಡೀಲಿ ಸರಿಯಾಗಿ ಕಾಣ್ತಾ ಇರ್ಲಿಲ್ಲ," ಎಂದಳು. "ಹಸಿರು ಹಸಿರಾಗಿ ಏನೋ ಮಿಂಚ್ತಿತ್ತು, ಅಷ್ಟೇ. ಎಲೆ ಇರ್ಬೋದು ಅಂದ್ಕೊಂಡೆ."

"ನೀವೇ ಅಂದ್ಕೊಂಡ್ರಾ?"

"ಹ್ಞೂಂ. ಕತ್ತೂನೂ ಅಷ್ಟೇ. ಅರ್ಧಕ್ಕೆ ಪಟ್ಟಿ ಬಂದು ಮುಚ್ಕೋತಿತ್ತು. ಕೆಳಗೆ ಹಿಂಗೆ ಇಳಿದಿರುತ್ತೆ ಅಂತ..." ಕೈಯಿಂದ ಗಾಳಿಯಲ್ಲಿ ಒಂದು ಗೆರೆ ಎಳೆದಳು. "ಮೋಸ ಮಾಡ್ಬೇಕು ಅಂತಲ್ಲಮ್ಮ. ನನಗೂ ಇವತ್ತೇ ಗೊತ್ತಾಗಿದ್ದು."

ನಂದಿತಾ ಫೋಟೊವನ್ನು ದೊಡ್ಡದು ಮಾಡಿ ಎಲೆಗಳನ್ನು ಒಂದೊಂದಾಗಿ ನೋಡುತ್ತಿದ್ದಳು. ಆಮೇಲೆ ಫೋನನ್ನು ಅತ್ತೆಯ ಕೈಗೆ ಕೊಟ್ಟಳು, ಬ್ಲೌಸು ಎತ್ತಿಕೊಂಡು ಒಳಗೆ ಹೋದಳು. ತೊಟ್ಟು ಬಂದಾಗ ಕೂದಲನ್ನು ಮೇಲಕ್ಕೆ ಕಟ್ಟಿದ್ದಳು. ಭಾಗ್ಯಳಿಗೆ ಬೆನ್ನು ಮಾಡಿ ನಿಂತಳು.

"ಏನ್ ಮಾಡ್ತೀರಾ ಇಲ್ಲಿ?"

"ಇನ್ನೂ ಗೊತ್ತಿಲ್ಲ," ಎಂದಳು ಭಾಗ್ಯ.

"ಶಶಿ ಅಕ್ಕಂದು ಬೇಡ. ನನ್ದು ಬೇರೆ ಇರ್ಲಿ."

"ಲೇ, ಮುಹೂರ್ತದ್ದು ಕಣೇ," ಎಂದರು ಸುಬ್ಬಮ್ಮ. "ಗೊತ್ತಿಲ್ಲ ಅಂತಾವ್ಳೆ, ನೀನೂ ನಿಂತ್ಕೊಂಡಿದೀಯಲ್ಲ!"

"ನನ್ ಬೆನ್ನು ಅತ್ತೆ," ಎಂದಳು ನಂದಿತಾ, ತಿರುಗದೆ.

ಭಾಗ್ಯ ಪಿನ್ನುಗಳನ್ನು ತುಟಿಯಲ್ಲಿ ಕಚ್ಚಿಕೊಂಡು ಸೀಮೆಸುಣ್ಣ ಕೈಗೆತ್ತಿಕೊಂಡಳು. ಕೂಡಿಸಿದ ಸೀಳಿನ ಮೇಲೆ ಎಡಗೈಯ ಬೆರಳಿಟ್ಟಳು. ರೇಷ್ಮೆಯ ಕೆಳಗೆ ಹುಡುಗಿಯ ಉಸಿರು ಏರಿ ಇಳಿಯುತ್ತಿತ್ತು. ಗಂಗರತ್ನಮ್ಮ ಮತ್ತೆ ದಾರ ಎಳೆಯತೊಡಗಿದ್ದರು. ಯಾರೂ ರಿಮೋಟು ಮುಟ್ಟಿರಲಿಲ್ಲ. ಎಷ್ಟೋ ಹೊತ್ತು ಹಾಗೇ ಬಿಟ್ಟದ್ದಕ್ಕೆ ಡಬ್ಬಿ ತಾನಾಗಿ ಸೊಸೆಯನ್ನು ಅಳಿಸಿ ಬೇರೇನನ್ನೋ ತಂದಿತು. ಎಲ್ಲಿಯದೋ ಸಮುದ್ರ, ಮೇಲೆ ಎತ್ತರದಿಂದ ತೆಗೆದದ್ದು. ನೊರೆಯ ಅಂಚು ಮರಳನ್ನು ಮುಟ್ಟಿ ಹಿಂದಕ್ಕೆ ಸರಿಯುತ್ತಿತ್ತು, ಎಷ್ಟು ನಿಧಾನವೆಂದರೆ ನಿಂತಿದೆಯೋ ನಡೆಯುತ್ತಿದೆಯೋ ತಿಳಿಯದ ಹಾಗೆ.

ಸುಬ್ಬಮ್ಮ ದಿವಾನದ ಮೇಲೆ ಬಂದು ಕೂತರು. ಕಾಲು ಮಡಿಸಿಕೊಂಡರು. "ಅಬ್ಬಬ್ಬ... ಯಾವೂರಮ್ಮ ಇದು?" ಎಂದು ಕೇಳಿದರು.

ಭಾಗ್ಯಳ ಬಾಯಿ ತುಂಬ ಪಿನ್ನುಗಳಿದ್ದವು. ಸೀಮೆಸುಣ್ಣ ಸೀಳಿನ ತುದಿಯಿಂದ ಹೊರಟು, ಒಂದು ಕ್ಷಣ ತಡೆದು, ಎಡಕ್ಕೆ ಬಾಗಿತು.